ಗಾಲಿಕುರ್ಚಿಗೂ ತಪಾಸಣಾ ಮಂಚಕ್ಕೂ ನಡುವೆ ಒಂದು ಅಡಿ

ರೋಗನಿರ್ಣಯವೆಂಬುದು ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗ್‌ನಿಂದಾಗಲಿ ಆರಂಭವಾಗುವುದಿಲ್ಲ. ವೈದ್ಯರು ರೋಗಿಯ ದೇಹವನ್ನು ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ, ತಟ್ಟಿ, ಆಲಿಸುವುದರಿಂದ ಆರಂಭವಾಗುತ್ತದೆ. ಯಕೃತ್ತು ಊದಿಕೊಂಡಿದೆಯೇ, ಹೊಟ್ಟೆಯಲ್ಲಿ ಗಂಟೇನಾದರೂ ಇದೆಯೇ ಎಂಬುದನ್ನು ತಿಳಿಯಬೇಕಾದರೆ ರೋಗಿಯು ಅಂಗಾತ ಮಲಗಿ, ಮೊಣಕಾಲು ಮಡಿಸಿ, ಹೊಟ್ಟೆಯ ಸ್ನಾಯುಗಳನ್ನು ಸಡಿಲ ಬಿಡಬೇಕು. ಬೆನ್ನುಮೂಳೆ, ಸೊಂಟದ ಕೀಲು, ತೊಡೆಸಂದು ಇವೂ ಕುಳಿತಲ್ಲಿಯೇ ಪೂರ್ಣವಾಗಿ ಪರೀಕ್ಷೆಗೆ ಒದಗುವುದಿಲ್ಲ. ಆದುದರಿಂದಲೇ ಪ್ರತಿಯೊಂದು ಚಿಕಿತ್ಸಾಲಯದಲ್ಲಿಯೂ ಪರದೆಯ ಹಿಂದೆ ಒಂದು ಮಂಚವಿರುತ್ತದೆ. ಆ ಮಂಚವನ್ನು ಏರಲಾರದವರಿಗೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ತಪಾಸಣಾ ಮಂಚವು ಸುಮಾರು ಆರು ಅಡಿ ಉದ್ದ, ಎರಡು ಅಡಿ ಅಗಲ, 32 ಅಂಗುಲ ಎತ್ತರದ್ದು. ಕಬ್ಬಿಣದ ನಾಲ್ಕು ಕಾಲು, ಮೇಲೆ ರೆಕ್ಸಿನ್ ಹೊದಿಸಿದ ತೆಳು ಹಾಸು, ಪಕ್ಕದಲ್ಲಿ ಎರಡು ಮೆಟ್ಟಿಲಿನ ಒಂದು ಪುಟ್ಟ ಮಣೆ. ಈ ಎತ್ತರವನ್ನು ಗೊತ್ತುಮಾಡಿದ್ದು ರೋಗಿಯನ್ನು ನೋಡಿ ಅಲ್ಲ; ನಿಂತು ಪರೀಕ್ಷಿಸುವ ವೈದ್ಯರ ಸೊಂಟ ಬಾಗದಿರಲಿ ಎಂದು. ದಿನಕ್ಕೆ ನೂರು ರೋಗಿಗಳನ್ನು ನೋಡುವವರಿಗೆ ಅದು ನ್ಯಾಯವಾದ ಅನುಕೂಲವೇ ಸರಿ. ಆದರೆ ಗಾಲಿಕುರ್ಚಿಯ ಆಸನವಿರುವುದು ನೆಲದಿಂದ 19, 20 ಅಂಗುಲ ಎತ್ತರದಲ್ಲಿ. ಅಲ್ಲಿಂದ ಮಂಚಕ್ಕೆ ಇನ್ನೂ ಒಂದು ಅಡಿ. ಕಾಲಿನಲ್ಲಿ ಬಲವಿರುವವರು ಈ ಒಂದು ಅಡಿಯನ್ನು ಗಮನಿಸುವುದೇ ಇಲ್ಲ. ಬಲವಿಲ್ಲದವರಿಗೆ ಅದು ದಾಟಲಾಗದ ಗೋಡೆ.

ಗಾಲಿಕುರ್ಚಿಯನ್ನು ಬಳಸುವವರ ವಿಚಾರವಷ್ಟೇ ಇದಲ್ಲ. ಮೊಣಕಾಲಿನ ಚಿಪ್ಪು ಸವೆದು ಬಗ್ಗಲಾಗದ ಹಿರಿಯರು, ಪಾರ್ಶ್ವವಾಯುವಿನಿಂದ ಒಂದು ಬದಿ ಸೋತವರು, ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ತಡವರಿಸುವವರು, ತುಂಬುಗರ್ಭಿಣಿಯರು, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದವರು, ಅತಿತೂಕದವರು, ಇವರೆಲ್ಲರೂ ಆ ಎರಡು ಮೆಟ್ಟಿಲಿನ ಮಣೆಯ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಆ ಮಣೆಗೆ ಹಿಡಿಯಲು ಕಂಬಿಯಿರುವುದಿಲ್ಲ. ಹತ್ತಿದ ಮೇಲೆ ಎರಡಡಿ ಅಗಲದ ಮಂಚದ ಮೇಲೆ ತಿರುಗಿ ಕುಳಿತು, ಕಾಲುಗಳನ್ನು ಎತ್ತಿಕೊಂಡು ಮಲಗಬೇಕು. ಇಳಿಯುವಾಗ ಕಾಲು ಕೆಳಗೆ ತಡಕಾಡಿ ಕಾಣದ ಮೆಟ್ಟಿಲನ್ನು ಹುಡುಕಬೇಕು. ಹತ್ತುವುದಕ್ಕಿಂತ ಇಳಿಯುವಾಗಲೇ ಬೀಳುವ ಭಯ ಹೆಚ್ಚು. ಮೂಳೆ ಸವೆದ ಎಪ್ಪತ್ತರ ವಯಸ್ಸಿನಲ್ಲಿ ಒಂದು ಬೀಳುವಿಕೆಯು ಬಂದ ಕಾಯಿಲೆಗಿಂತ ದೊಡ್ಡದಾಗಬಲ್ಲದು.

ವಿಜಯನಗರದಂತಹ ಬಡಾವಣೆಯಲ್ಲಿ ಈ ಮಾತು ಇನ್ನಷ್ಟು ಪ್ರಸ್ತುತ. ನಲವತ್ತು ಐವತ್ತು ವರ್ಷಗಳ ಹಿಂದೆ ಇಲ್ಲಿ ನಿವೇಶನ ಪಡೆದು ಮನೆ ಕಟ್ಟಿಸಿದವರು ಈಗ ಎಪ್ಪತ್ತು ಎಂಬತ್ತರ ಅಂಚಿನಲ್ಲಿದ್ದಾರೆ. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೊ ಮಾರ್ಗ ತೆರೆದಾಗಿನಿಂದ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಗಾಲಿಕುರ್ಚಿಯಲ್ಲಿ ಕುಳಿತೇ ರೈಲಿನೊಳಗೆ ಹೋಗಬಹುದು. ದೃಷ್ಟಿಹೀನರಿಗಾಗಿ ನೆಲದಲ್ಲಿ ಉಬ್ಬುಗೆರೆಯ ಹಾಸುಗಲ್ಲುಗಳಿವೆ. ರೈಲು ಇಳಿದು ರಸ್ತೆಗೆ ಬಂದರೆ ಕಥೆ ಬೇರೆ. ಚರಂಡಿಯ ಮೇಲಿನ ಚಪ್ಪಡಿ, ಅಂಗಡಿಯ ಮುಂದಿನ ಮೂರು ಮೆಟ್ಟಿಲು, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ವೈದ್ಯರ ಕೊಠಡಿ, ನೆಲಮಾಳಿಗೆಯಲ್ಲಿ ಎಕ್ಸ್‌ರೇ. ಇವನ್ನೆಲ್ಲ ಹೇಗೋ ದಾಟಿ ಒಳಗೆ ಹೋದವರು ಕೊನೆಗೆ ಸೋಲುವುದು ಮಂಚದ ಬಳಿ. ಹೊಳೆಯನ್ನು ಈಜಿ ಬಂದವನು ದಡದ ಕೆಸರಿನಲ್ಲಿ ಜಾರಿದಂತೆ.

ಮಂಚ ಏರದಿದ್ದರೆ ನಷ್ಟವೇನು?

ಆಗ ನಡೆಯುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು. ವೈದ್ಯರು, ‘ಇರಲಿ, ಕುಳಿತಲ್ಲೇ ನೋಡುತ್ತೇನೆ’ ಎನ್ನುತ್ತಾರೆ. ಇಲ್ಲವೇ, ಮಗನೋ ಅಳಿಯನೋ ಆಸ್ಪತ್ರೆಯ ಸಹಾಯಕರೋ ಸೇರಿ ರೋಗಿಯನ್ನು ಕಂಕುಳಲ್ಲಿ ಕೈಹಾಕಿ ಎತ್ತಿ ಮಲಗಿಸುತ್ತಾರೆ. ಅದೂ ಆಗದಿದ್ದರೆ, ‘ಮುಂದಿನ ಸಲ ನೋಡೋಣ’ ಎಂದು ಪರೀಕ್ಷೆಯನ್ನೇ ಮುಂದೂಡಲಾಗುತ್ತದೆ. ಮೊದಲನೆಯದು ದಯೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಹೆಚ್ಚಿನ ಕೇಡು ಇರುವುದು ಅದರಲ್ಲಿಯೇ ಎಂದು ನನ್ನ ಅಭಿಪ್ರಾಯ. ಏಕೆಂದರೆ ಅಲ್ಲಿ ಪರೀಕ್ಷೆ ಆಗಿಲ್ಲವೆಂಬ ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಚೀಟಿ ಬರೆದದ್ದಾಯಿತು, ಔಷಧಿ ಕೊಂಡದ್ದಾಯಿತು, ವೈದ್ಯರನ್ನು ಕಂಡದ್ದಾಯಿತು ಎಂಬ ಸಮಾಧಾನದಿಂದ ಮನೆಯವರು ಹಿಂದಿರುಗುತ್ತಾರೆ.

ಒತ್ತಡದ ಹುಣ್ಣನ್ನು ಉದಾಹರಣೆಯಾಗಿ ನೋಡೋಣ. ದಿನವಿಡೀ ಕುಳಿತೇ ಇರುವವರಿಗೆ ಪೃಷ್ಠದ ಎಲುಬಿನ ಕೆಳಗಿನ ಚರ್ಮವು ರಕ್ತಸಂಚಾರವಿಲ್ಲದೆ ಕಂದುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಭಾಗದಲ್ಲಿ ಸ್ಪರ್ಶಜ್ಞಾನವೇ ಇರುವುದಿಲ್ಲವಾದುದರಿಂದ ನೋವು ತಿಳಿಯದು. ಮೊದಲು ಕೆಂಪು ಮಚ್ಚೆ. ಒತ್ತಡ ತಪ್ಪಿಸಿದರೆ ಆ ಹಂತದಲ್ಲಿಯೇ ವಾಸಿಯಾಗಬಲ್ಲದು. ಬಿಟ್ಟರೆ ಚರ್ಮ ಒಡೆದು, ಹುಣ್ಣು ಎಲುಬಿನವರೆಗೆ ಇಳಿದು, ನಂಜು ರಕ್ತಕ್ಕೆ ಸೇರಿ ಪ್ರಾಣಕ್ಕೇ ಎರವಾಗುತ್ತದೆ. ಈ ಹುಣ್ಣು ಏಳುವುದು ಕುಳಿತಾಗ ಕುರ್ಚಿಗೆ ತಾಗುವ ಜಾಗದಲ್ಲಿ. ಎಂದರೆ, ರೋಗಿಯನ್ನು ಕುರ್ಚಿಯಲ್ಲಿಯೇ ಕೂರಿಸಿ ಪರೀಕ್ಷಿಸುವವರಿಗೆ ಎಂದಿಗೂ ಕಾಣದ ಜಾಗದಲ್ಲಿ. ಯಾರಿಗೆ ಮಂಚದ ಮೇಲೆ ಮಲಗಿಸಿ ನೋಡುವ ಅಗತ್ಯ ಹೆಚ್ಚೋ ಅವರೇ ಮಂಚಕ್ಕೆ ಹೋಗದೆ ಉಳಿಯುತ್ತಾರೆ.

ಮಹಿಳೆಯರ ವಿಚಾರದಲ್ಲಿ ಸಂಕಟ ಇನ್ನೂ ಸೂಕ್ಷ್ಮವಾದುದು. ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಹಾಗೂ ಸ್ತನದ ಕ್ಯಾನ್ಸರ್ ತಪಾಸಣೆ ಆಗಬೇಕೆಂದು ಸರ್ಕಾರದ ಆರೋಗ್ಯ ಕಾರ್ಯಕ್ರಮವೇ ಹೇಳುತ್ತದೆ. ಗರ್ಭಕೊರಳಿನ ತಪಾಸಣೆಗೆ ಮಂಚದ ಮೇಲೆ ಅಂಗಾತ ಮಲಗಿ ಎರಡೂ ಕಾಲುಗಳನ್ನು ಎತ್ತಿ ಇರಿಸಬೇಕು. ಪೋಲಿಯೊದಿಂದ ಕಾಲು ಸೋತ ತಾಯಿಯೊಬ್ಬರು ಅದಕ್ಕಾಗಿ ಅಪರಿಚಿತ ಗಂಡಸರಿಂದ ಎತ್ತಿಸಿಕೊಳ್ಳಬೇಕೆಂದರೆ, ‘ಬೇಡಮ್ಮಾ, ನನಗೇನೂ ತೊಂದರೆಯಿಲ್ಲ’ ಎಂದು ಹಿಂದಿರುಗುವುದು ಸಹಜ. ಇದನ್ನು ನಾವು ಸಂಕೋಚವೆಂದು ಕರೆದು ಸುಮ್ಮನಾಗುತ್ತೇವೆ. ಸಂಕೋಚವನ್ನು ಹುಟ್ಟಿಸಿದ್ದು ಮಂಚದ ಎತ್ತರವೆಂದು ಯೋಚಿಸುವುದಿಲ್ಲ. ತಗ್ಗಿಸಬಹುದಾದ ಮಂಚವಿದ್ದರೆ ಬಹುಮಂದಿ ತಾವೇ ಕೈಯೂರಿ ಸರಿದು ಕೂರಬಲ್ಲರು. ಕಾಲುಗಳು ಬಿಗಿದುಕೊಂಡು ಅಗಲಿಸಲಾಗದವರನ್ನು ಎಡಮಗ್ಗುಲಾಗಿ ಮಲಗಿಸಿಯೂ ಈ ಪರೀಕ್ಷೆಯನ್ನು ಮಾಡಬಹುದೆಂಬುದನ್ನು ವೈದ್ಯರು ಬಲ್ಲರು. ಕೇಳುವವರು ಬೇಕು, ಅಷ್ಟೇ.

ಎತ್ತಿ ಮಲಗಿಸುವುದರ ಅಪಾಯವನ್ನೂ ಹೇಳಲೇಬೇಕು. ಪಾರ್ಶ್ವವಾಯುವಾದವರ ಸೋತ ತೋಳನ್ನು ಹಿಡಿದು ಎಳೆದರೆ ಭುಜದ ಕೀಲು ಸಡಿಲಗೊಂಡು ಜಾರುತ್ತದೆ. ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಎತ್ತುವವರ ಬೆನ್ನಿಗೂ ಪೆಟ್ಟು. ಅರವತ್ತರ ಪತ್ನಿ ಎಪ್ಪತ್ತರ ಪತಿಯನ್ನು ಎತ್ತುವ ಮನೆಗಳೇ ನಮ್ಮಲ್ಲಿ ಹೆಚ್ಚು.

ತೂಕ: ಯಾರೂ ಕೇಳದ ಅಳತೆ

ಆಸ್ಪತ್ರೆಗೆ ಹೋದೊಡನೆ ತೂಕ ನೋಡುವುದು ವಾಡಿಕೆ. ನಿಲ್ಲಲಾರದವರ ತೂಕವನ್ನು ಏನೆಂದು ಬರೆಯುತ್ತಾರೆ? ‘ಎಷ್ಟಿರಬಹುದಮ್ಮಾ?’ ಎಂದು ಕೇಳಿ, ಮನೆಯವರು ಹೇಳಿದ ಅಂದಾಜನ್ನು ಬರೆಯುತ್ತಾರೆ. ಎಷ್ಟೋ ವೇಳೆ ಆ ಜಾಗವನ್ನೇ ಖಾಲಿ ಬಿಡುತ್ತಾರೆ. ಇದು ಸಣ್ಣ ಲೋಪವಲ್ಲ. ಅರಿವಳಿಕೆಯ ಪ್ರಮಾಣ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕೆಲವು ಚುಚ್ಚುಮದ್ದುಗಳು, ಕ್ಯಾನ್ಸರ್ ಔಷಧಿಗಳು ಇವೆಲ್ಲ ತೂಕವನ್ನು ಅನುಸರಿಸಿಯೇ ನಿರ್ಧಾರವಾಗುತ್ತವೆ. ಕ್ಷಯರೋಗಕ್ಕೆ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳನ್ನೇ ನೋಡಿ: ವಯಸ್ಕರಿಗೆ 35ರಿಂದ 49 ಕಿಲೊ ತೂಕಕ್ಕೆ ದಿನಕ್ಕೆ ಮೂರು ಮಾತ್ರೆಯಾದರೆ, 50ರಿಂದ 64 ಕಿಲೊಗೆ ನಾಲ್ಕು. ಅಂದಾಜಿನಲ್ಲಿ ಐದು ಕಿಲೊ ತಪ್ಪಿದರೆ ಮಾತ್ರೆ ಒಂದು ಹೆಚ್ಚಾಗಬಹುದು ಅಥವಾ ಕಡಿಮೆಯಾಗಬಹುದು. ಕಾರಣವಿಲ್ಲದೆ ತೂಕ ಇಳಿಯುವುದು ಹಲವು ರೋಗಗಳ ಮೊದಲ ಸೂಚನೆ. ತೂಕವನ್ನೇ ನೋಡದವರಿಗೆ ಆ ಸೂಚನೆ ದೊರೆಯುವ ಬಗೆ ಹೇಗೆ?

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ನೆಲಮಟ್ಟಕ್ಕೆ ಸಮೀಪದಲ್ಲಿರುವ ಅಗಲವಾದ ಹಲಗೆ, ಅದಕ್ಕೆ ಪುಟ್ಟ ಇಳಿಜಾರು, ಗಾಲಿಕುರ್ಚಿಯ ಸಮೇತ ಹತ್ತಿ ನಿಂತರೆ ತೂಕ ತೋರಿಸುವ ಯಂತ್ರ. ಡಯಾಲಿಸಿಸ್ ಘಟಕಗಳಲ್ಲಿ ಇಂತಹುದನ್ನು ಕಾಣಬಹುದು. ಏಕೆಂದರೆ ಅಲ್ಲಿ ದೇಹದಿಂದ ಎಷ್ಟು ನೀರು ತೆಗೆಯಬೇಕೆಂಬುದು ತೂಕದಿಂದಲೇ ತಿಳಿಯಬೇಕು. ಒಟ್ಟು ತೂಕದಲ್ಲಿ ಖಾಲಿ ಕುರ್ಚಿಯ ತೂಕವನ್ನು ಕಳೆದರೆ ಆಯಿತು. ಕುರ್ಚಿಯೊಂದಿಗೆ 71 ಕಿಲೊ, ಕುರ್ಚಿ 17 ಕಿಲೊ, ಆದುದರಿಂದ ರೋಗಿಯ ತೂಕ 54. ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ಅದರ ತೂಕವನ್ನು, ಮೆತ್ತೆಯನ್ನೂ ಸೇರಿಸಿ, ಒಮ್ಮೆ ನೋಡಿ ಕುರ್ಚಿಯ ಹಿಂಬದಿಯಲ್ಲಿ ಬರೆದು ಅಂಟಿಸಿಡಿ. ಮುಂದೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಮೂಟೆ ತೂಗುವ ತಕ್ಕಡಿಯ ಮೇಲೆ ಮನುಷ್ಯರನ್ನು ಕೂರಿಸಿ ತೂಗುವುದನ್ನೂ ಕೆಲವರು ಹೇಳುತ್ತಾರೆ. ಲೆಕ್ಕ ಸರಿ ಬರಬಹುದು. ಹತ್ತು ಜನರ ಮುಂದೆ ಹಾಗೆ ತೂಗಿಸಿಕೊಂಡವರು ಮತ್ತೊಮ್ಮೆ ಬರಲು ಮನಸ್ಸು ಮಾಡುವುದಿಲ್ಲ.

ಯಂತ್ರಗಳ ಮುಂದೆ

ರೋಗಪತ್ತೆಯ ಯಂತ್ರಗಳೂ ನಿಲ್ಲಬಲ್ಲ, ಮಲಗಬಲ್ಲ, ಕೇಳಬಲ್ಲ, ಕಾಣಬಲ್ಲ ದೇಹವನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಫಿ ಯಂತ್ರದ ಮುಂದೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಯಂತ್ರದ ತಟ್ಟೆಯು ಕುಳಿತವರ ಎದೆಯ ಮಟ್ಟಕ್ಕೆ ಇಳಿಯುವಂತಿದ್ದು, ಅದರ ಬುಡದಲ್ಲಿ ಕುರ್ಚಿಯ ಮುಂಗಾಲಿ ಹಾಗೂ ಮೊಣಕಾಲು ಸೇರುವಷ್ಟು ಜಾಗವಿದ್ದರೆ ಕುಳಿತೇ ಮಾಡಿಸಬಹುದು. ಕುರ್ಚಿಯ ತೋಳುಗಳು ಕಳಚುವಂತಿರಬೇಕು. ಸಮಯವೂ ಹೆಚ್ಚು ಬೇಕು. ಮೊದಲೇ ತಿಳಿಸಿ ಹೋದರೆ ತಂತ್ರಜ್ಞರು ಅಷ್ಟು ಅವಧಿಯನ್ನು ತೆಗೆದಿರಿಸಿಕೊಳ್ಳಬಲ್ಲರು.

ಸಿ.ಟಿ. ಸ್ಕ್ಯಾನಿನ ಹಲಗೆಯು ಮೇಲೆ ಕೆಳಗೆ ಚಲಿಸುವುದರಿಂದ ಕಷ್ಟ ಸ್ವಲ್ಪ ಕಡಿಮೆ. ಎಂ.ಆರ್.ಐ. ಕೊಠಡಿಯಲ್ಲಿ ಬೇರೆಯೇ ನಿಯಮ: ಆ ಯಂತ್ರವು ಪ್ರಬಲವಾದ ಅಯಸ್ಕಾಂತ. ಕಬ್ಬಿಣದ ಗಾಲಿಕುರ್ಚಿಯನ್ನು ಒಳಗೆ ಒಯ್ದರೆ ಅದು ಬಾಣದಂತೆ ಯಂತ್ರಕ್ಕೆ ಹಾರಿ ಬಡಿಯಬಲ್ಲದು. ಆದುದರಿಂದ ಅಯಸ್ಕಾಂತಕ್ಕೆ ಅಂಟದ ಲೋಹದ ಕುರ್ಚಿ ಅಥವಾ ಹೊರಗೇ ರೋಗಿಯನ್ನು ಮಲಗಿಸಿ ತಳ್ಳಿಕೊಂಡು ಹೋಗಿ ಜೋಡಿಸುವ ಹಲಗೆ ಬೇಕಾಗುತ್ತದೆ. ದೇಹದೊಳಗೆ ಸಲಾಕೆ, ಪೇಸ್‌ಮೇಕರ್ ಮುಂತಾದವು ಇದ್ದರೆ ಶಸ್ತ್ರಚಿಕಿತ್ಸೆಯ ಕಾಗದಗಳನ್ನು ತಪ್ಪದೆ ಒಯ್ಯಬೇಕು. ಕಿವಿ ಕೇಳದವರಿಗೆ ಇಲ್ಲಿ ಇನ್ನೊಂದು ತೊಡಕು: ‘ಉಸಿರು ಹಿಡಿಯಿರಿ, ಬಿಡಿ’ ಎಂಬ ಸೂಚನೆ ಧ್ವನಿವರ್ಧಕದಲ್ಲಿ ಬರುತ್ತದೆ. ಕೈಯನ್ನೊತ್ತಿಯೋ ದೀಪ ತೋರಿಸಿಯೋ ಕೊಡುವ ಸಂಕೇತವನ್ನು ಪರೀಕ್ಷೆಗೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಕಣ್ಣು ಕಾಣದವರನ್ನು ಮುಟ್ಟುವ ಮೊದಲು, ಏನು ಮಾಡಲಿದ್ದೇವೆಂದು ಬಾಯಲ್ಲಿ ಹೇಳಬೇಕು. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ.

ಕಣ್ಣಿನ ತಪಾಸಣೆಯಲ್ಲಿ ಗಲ್ಲವನ್ನು ಊರಿ ನೋಡುವ ಯಂತ್ರಕ್ಕೆ ಹಲವೆಡೆ ಕುರ್ಚಿಯನ್ನು ನೆಲಕ್ಕೇ ಬಿಗಿದಿರುತ್ತಾರೆ. ಆ ಕುರ್ಚಿ ಪಕ್ಕಕ್ಕೆ ಸರಿಯುವಂತಿದ್ದರೆ ಗಾಲಿಕುರ್ಚಿಯು ಅದರ ಸ್ಥಾನದಲ್ಲಿ ನಿಲ್ಲಬಹುದು. ಮಧುಮೇಹಿಗಳ ಅಕ್ಷಿಪಟಲದ ಚಿತ್ರ ತೆಗೆಯಲು ಕೈಯಲ್ಲಿಯೇ ಹಿಡಿಯುವ ಕ್ಯಾಮೆರಾಗಳು ಈಗ ಬೆಂಗಳೂರಿನಲ್ಲಿಯೇ ತಯಾರಾಗುತ್ತಿವೆ. ಗೂನುಬೆನ್ನಿನ ಹಿರಿಯರಿಗೂ ಅವು ಅನುಕೂಲ. ಹೃದಯದ ಪರೀಕ್ಷೆಗೆ ಓಡುವ ಪಟ್ಟಿಯ ಮೇಲೆ ನಡೆಯಲಾಗದವರಿಗೆ ಔಷಧಿಯಿಂದ ಹೃದಯದ ಬಡಿತವನ್ನು ಹೆಚ್ಚಿಸಿ ಮಾಡುವ ಪರೀಕ್ಷೆಯುಂಟು. ನಡೆಯಲಾರರು ಎಂಬ ಕಾರಣಕ್ಕೆ ಹೃದಯದ ಪರೀಕ್ಷೆಯನ್ನೇ ಕೈಬಿಡುವ ಅಗತ್ಯವಿಲ್ಲ.

ಹದಿನೇಳು ಅಂಗುಲ

ಮಂಚದ ಎತ್ತರ ಎಷ್ಟಿರಬೇಕು ಎಂಬ ಪ್ರಶ್ನೆಗೆ ಅಳತೆಯ ಪಟ್ಟಿ ಹಿಡಿದು ಉತ್ತರ ಹುಡುಕಿದ ದೇಶ ಅಮೆರಿಕ. ಅಲ್ಲಿ ವಿಕಲಚೇತನರ ವಿರುದ್ಧ ತಾರತಮ್ಯವನ್ನು ನಿಷೇಧಿಸುವ ಕಾಯಿದೆ ಬಂದದ್ದು 1990ರಲ್ಲಿ. ಇಳಿಜಾರು, ಬಾಗಿಲು, ಶೌಚಾಲಯಗಳ ಅಳತೆಗಳೆಲ್ಲ ಆ ಕಾಯಿದೆಯ ಬೆನ್ನಲ್ಲೇ ಬಂದವು. ಆದರೆ ಮಂಚ ಮತ್ತು ತೂಕದ ಯಂತ್ರಗಳು ಕಟ್ಟಡಕ್ಕೆ ಸೇರಿದವಲ್ಲ, ಪೀಠೋಪಕರಣಗಳು ಎಂಬ ಕಾರಣಕ್ಕೆ ಹೊರಗೇ ಉಳಿದವು. 2010ರ ಆರೋಗ್ಯ ಕಾಯಿದೆಯು ಈ ಲೋಪವನ್ನು ತಿದ್ದಲು ಆದೇಶಿಸಿತು. ಅದರಂತೆ 2017ರ ಜನವರಿಯಲ್ಲಿ ಅಲ್ಲಿನ ಸುಗಮ್ಯತಾ ಮಂಡಳಿಯು ವೈದ್ಯಕೀಯ ಉಪಕರಣಗಳ ಮಾನದಂಡಗಳನ್ನು ಪ್ರಕಟಿಸಿತು.

ಮಂಚವು 25 ಅಂಗುಲದವರೆಗೆ ಏರಬೇಕು, ನಡುವೆ ಹಲವು ಎತ್ತರಗಳಲ್ಲಿ ನಿಲ್ಲಬೇಕು ಎಂಬಲ್ಲಿ ವಿವಾದವಿರಲಿಲ್ಲ. ಎಷ್ಟು ಕೆಳಗೆ ಇಳಿಯಬೇಕು ಎಂಬಲ್ಲಿ ಮಾತ್ರ ಒಮ್ಮತ ಮೂಡದೆ, 17ರಿಂದ 19 ಅಂಗುಲದ ನಡುವೆ ಎಲ್ಲಿಯಾದರೂ ಇರಬಹುದೆಂದು ತಾತ್ಕಾಲಿಕವಾಗಿ ಬಿಡಲಾಯಿತು. ಎರಡು ಅಂಗುಲಕ್ಕೆ ಇಷ್ಟು ಚರ್ಚೆಯೇ ಎನ್ನಿಸಬಹುದು. ಕೈಯ ಬಲದಿಂದಲೇ ದೇಹವನ್ನು ಎತ್ತಿ ಸರಿಯುವವರಿಗೆ ಸಮತಟ್ಟಿನಲ್ಲಿ ಸರಿಯುವುದಕ್ಕೂ ಎರಡು ಅಂಗುಲ ಮೇಲಕ್ಕೆ ಸರಿಯುವುದಕ್ಕೂ ಇರುವ ಅಂತರ ದೊಡ್ಡದು. ಕುರ್ಚಿಯ ಆಸನ ತಗ್ಗಾಗಿರುವ, ಮೈಕಟ್ಟು ಗಿಡ್ಡಗಿರುವ ಅನೇಕರು 19 ಅಂಗುಲದಲ್ಲಿ ಹೊರಗುಳಿಯುತ್ತಿದ್ದರು. ಕೊನೆಗೆ 2024ರ ಜುಲೈನಲ್ಲಿ ಮಂಡಳಿಯು 17 ಅಂಗುಲವೆಂದು ತೀರ್ಮಾನಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಆರೋಗ್ಯ ಇಲಾಖೆಯೂ ಆಗಸ್ಟ್‌ನಲ್ಲಿ ನ್ಯಾಯ ಇಲಾಖೆಯೂ ಈ ಮಾನದಂಡಗಳನ್ನು ನಿಯಮವಾಗಿ ಅಂಗೀಕರಿಸಿದವು: ಸರ್ಕಾರಿ ಆಸ್ಪತ್ರೆಗಳೂ ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳೂ ಎರಡು ವರ್ಷದೊಳಗೆ ಕಡೆಯಪಕ್ಷ ಒಂದು ತಗ್ಗುವ ಮಂಚವನ್ನೂ ಗಾಲಿಕುರ್ಚಿ ಏರುವ ಒಂದು ತೂಕದ ಯಂತ್ರವನ್ನೂ ಹೊಂದಿರತಕ್ಕದ್ದು ಎಂದು. ಎಲ್ಲ ಮಂಚಗಳನ್ನೂ ಬದಲಿಸಿ ಎಂದು ಅವರು ಹೇಳಲಿಲ್ಲ. ಒಂದಾದರೂ ಇರಲಿ ಎಂದರು. ಈ ವಿವೇಕ ನನಗೆ ಮೆಚ್ಚುಗೆಯಾಯಿತು.

ನಮ್ಮ ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಡವಾಗಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಅದರ ಕಲಂ 25, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಲ್ಲಿಯೂ ವಿಕಲಚೇತನರಿಗೆ ಅಡೆತಡೆಯಿಲ್ಲದ ಪ್ರವೇಶವಿರಬೇಕು, ಚಿಕಿತ್ಸೆಯಲ್ಲಿ ಅವರಿಗೆ ಆದ್ಯತೆ ದೊರೆಯಬೇಕು ಎನ್ನುತ್ತದೆ. ‘ಎಲ್ಲ ಭಾಗಗಳಲ್ಲಿ’ ಎಂಬ ಮಾತನ್ನು ಗಮನಿಸಬೇಕು. ಪರದೆಯ ಹಿಂದಿನ ಮಂಚವೂ ಆಸ್ಪತ್ರೆಯ ಭಾಗವೇ. ಸೇವೆ ನೀಡುವ ಸಂಸ್ಥೆಗಳಿಗೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿಯಮಗಳು ಪ್ರಕಟವಾದ ಎರಡು ವರ್ಷದೊಳಗೆ ಸುಗಮ್ಯತೆಯನ್ನು ಒದಗಿಸಬೇಕೆಂದು ಕಲಂ 46 ಗಡುವು ವಿಧಿಸಿತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2019ರ ಜೂನ್‌ನಲ್ಲಿ. ಉಲ್ಲಂಘನೆಗೆ ಮೊದಲ ಸಲ ಹತ್ತು ಸಾವಿರ ರೂಪಾಯಿಯವರೆಗೆ, ಮರುಕಳಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವನ್ನು ಕಲಂ 89 ಹೇಳುತ್ತದೆ.

ಆದರೂ ಕಾಗದದ ಮೇಲಿನದು ಕೊಠಡಿಯೊಳಗೆ ಇಳಿಯಲಿಲ್ಲ. ದೃಷ್ಟಿ ದೋಷವುಳ್ಳ ರಾಜೀವ್ ರತೂರಿ ಎಂಬವರು ಸಾರ್ವಜನಿಕ ಸ್ಥಳಗಳ ಸುಗಮ್ಯತೆಗಾಗಿ 2005ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಬಂದ ತೀರ್ಪು ಮಹತ್ವದ್ದು. ಸುಗಮ್ಯತೆಯ ಮಾನದಂಡಗಳನ್ನು ಹೇಳುವ 15ನೆಯ ನಿಯಮವು ಬರಿಯ ಸಲಹೆಗಳ ಪಟ್ಟಿಯಂತಿದೆ, ಕಾಯಿದೆ ಕೇಳುವುದು ಕಡ್ಡಾಯವಾದ ಮಾನದಂಡಗಳನ್ನು ಎಂದು ನ್ಯಾಯಾಲಯವು ಆ ನಿಯಮದ ಒಂದನೆಯ ಉಪನಿಯಮವನ್ನು ಅಸಿಂಧುಗೊಳಿಸಿತು. ತಪ್ಪದೆ ಪಾಲಿಸಬೇಕಾದವು ಯಾವುವು ಎಂಬುದನ್ನು ಪ್ರತ್ಯೇಕಿಸಿ ಮೂರು ತಿಂಗಳಲ್ಲಿ ಹೊಸ ನಿಯಮ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಮಾಡಿದರೆ ಒಳ್ಳೆಯದು ಎಂಬುದಕ್ಕೂ ಮಾಡಲೇಬೇಕು ಎಂಬುದಕ್ಕೂ ಇರುವ ಭೇದವನ್ನು ನ್ಯಾಯಾಲಯವು ಹೀಗೆ ಎತ್ತಿ ತೋರಿಸಿತು.

ನಮ್ಮ ಆಸ್ಪತ್ರೆಗಳಲ್ಲಿ ಸುಗಮ್ಯತೆಯೆಂದರೆ ಬಾಗಿಲ ಬಳಿಯ ಇಳಿಜಾರು ಮತ್ತು ಗಾಲಿಕುರ್ಚಿಯ ಚಿತ್ರವಿರುವ ಶೌಚಾಲಯ ಎಂದಷ್ಟೇ ತಿಳಿದವರು ಬಹಳ. ಇಳಿಜಾರು ಹನ್ನೆರಡಕ್ಕೆ ಒಂದರ ಪ್ರಮಾಣದಲ್ಲಿದೆಯೇ ಎಂದು ಅಳೆಯುವವರನ್ನು ಕಂಡಿದ್ದೇನೆ. ಮಂಚದ ಎತ್ತರವನ್ನು ಅಳೆಯುವವರನ್ನು ಕಂಡಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರಿದ್ದಾರೆ. ಆಗ ಎಣಿಕೆಗೆ ಬಂದದ್ದು ಎಂಟು ಬಗೆಯ ನ್ಯೂನತೆಗಳು. ಈಗಿನ ಕಾಯಿದೆ ಗುರುತಿಸಿರುವುದು 21. ಮುಪ್ಪಿನಿಂದ ಮೊಣಕಾಲು ಸೋತವರು ಈ ಯಾವ ಲೆಕ್ಕದಲ್ಲಿಯೂ ಇಲ್ಲ.

ಸದ್ಯಕ್ಕೆ ಮಾಡಬಹುದಾದುದು

ಆಸ್ಪತ್ರೆಗೆ ಹೊರಡುವ ಮುನ್ನ ಒಂದು ದೂರವಾಣಿ ಕರೆ ಮಾಡುವುದು ಒಳ್ಳೆಯದು. ‘ಲಿಫ್ಟ್ ಇದೆಯೇ?’ ಎಂದಷ್ಟೇ ಕೇಳಿ ನಿಲ್ಲಬೇಡಿ. ನಮ್ಮ ತಾಯಿ ನಿಲ್ಲಲಾರರು, ತಗ್ಗಿಸುವ ಮಂಚವಿದೆಯೇ, ಇಲ್ಲವಾದರೆ ನೆಲಮಹಡಿಯಲ್ಲಿ ಅಗಲವಾದ ಮಂಚವಿರುವ ಕೊಠಡಿಯಲ್ಲಿ ನೋಡಬಹುದೇ, ಸಹಾಯಕ್ಕೆ ಮಹಿಳಾ ಸಿಬ್ಬಂದಿ ಇರುವರೇ, ಹೆಚ್ಚಿನ ಸಮಯ ಕೊಡುವಿರಾ ಎಂದು ಬಿಡಿಸಿ ಕೇಳಿ. ಹಲವು ಆಸ್ಪತ್ರೆಗಳ ಫಿಜಿಯೋಥೆರಪಿ ವಿಭಾಗದಲ್ಲಿ ಏರಿಳಿಯುವ ‘ಹೈ-ಲೋ ಬೆಡ್’ ಇರುತ್ತದೆ. ಮೇಲಿನ ಮಹಡಿಯ ವೈದ್ಯರಿಗೆ ಅದು ನೆನಪಿರುವುದಿಲ್ಲ. ಅಲ್ಲಿ ನೋಡಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ವಾರ್ಡುಗಳ ನಮ್ಮ ಕ್ಲಿನಿಕ್‌ಗಳು ಬಹುಮಟ್ಟಿಗೆ ಚಿಕ್ಕ ಕಟ್ಟಡಗಳಲ್ಲಿರುವುದರಿಂದ ಅಲ್ಲಿಯೂ ಮೊದಲೇ ವಿಚಾರಿಸಿ ಹೋಗುವುದು ಲೇಸು.

ಕುರ್ಚಿಯಿಂದ ಮಂಚಕ್ಕೆ ಸರಿಸುವ ಕ್ರಮವನ್ನು ಮನೆಯವರು ಕಲಿತಿರಬೇಕು. ಮೊದಲನೆಯದಾಗಿ, ಹೇಗೆ ಸಹಾಯ ಮಾಡಲಿ ಎಂದು ಅವರನ್ನೇ ಕೇಳಬೇಕು. ತಮ್ಮ ದೇಹ ಹೇಗೆ ಸರಿಯುತ್ತದೆಂದು ಅವರಿಗೆ ತಿಳಿದಿರುವಷ್ಟು ಇತರರಿಗೆ ತಿಳಿಯದು. ಕುರ್ಚಿಯನ್ನು ಮಂಚಕ್ಕೆ ಓರೆಯಾಗಿ ತಾಗಿಸಿ ನಿಲ್ಲಿಸಿ, ಎರಡೂ ಗಾಲಿಗಳಿಗೆ ತಡೆ ಹಾಕಿ, ಕಾಲೂರುವ ಪಟ್ಟಿಗಳನ್ನು ಮಡಿಸಿ, ಮಂಚದ ಕಡೆಯ ತೋಳನ್ನು ಕಳಚಬೇಕು. ಪಾರ್ಶ್ವವಾಯುವಾದವರಿಗೆ ಬಲವಿರುವ ಬದಿಯು ಮಂಚದ ಕಡೆಗಿರಲಿ. ತೋಳು, ಕಂಕುಳು ಹಿಡಿದು ಎಳೆಯಬಾರದು. ಸೊಂಟಕ್ಕೆ ಅಗಲವಾದ ಪಟ್ಟಿಯನ್ನು ಕಟ್ಟಿ ಅದನ್ನು ಹಿಡಿಯಬೇಕು. ಎರಡೂ ಒಂದೇ ಮಟ್ಟದಲ್ಲಿದ್ದರೆ ನಡುವೆ ನುಣುಪಾದ ಜಾರುಹಲಗೆಯೊಂದನ್ನಿಟ್ಟು ಸುಲಭವಾಗಿ ಸರಿಯಬಹುದು. ಇದನ್ನು ಫಿಜಿಯೋಥೆರಪಿ ತಜ್ಞರಿಂದ ಒಂದೆರಡು ಬಾರಿ ನೋಡಿ ಕಲಿಯಬೇಕೇ ಹೊರತು ಓದಿ ಮಾಡುವಂಥದಲ್ಲ. ಸ್ವತಃ ವಿಕಲಚೇತನರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ವಿಕಲಚೇತನರ ಪುನರ್ವಸತಿಯಲ್ಲಿ ದೀರ್ಘ ಅನುಭವವುಳ್ಳವು.

ಕೇಳಿಯೂ ಸೌಕರ್ಯ ದೊರೆಯದಿದ್ದರೆ ಆಸ್ಪತ್ರೆಯ ಆಡಳಿತಕ್ಕೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ, ಕಾಯಿದೆಯನ್ವಯ ನೇಮಕಗೊಂಡಿರುವ ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ದೂರನ್ನು ವಿಚಾರಿಸುವ ಅಧಿಕಾರ ಅವರಿಗಿದೆ. ಹಿರಿಯ ನಾಗರಿಕರು ಮಾರ್ಗದರ್ಶನಕ್ಕಾಗಿ 14567 ಸಹಾಯವಾಣಿಗೆ ಕರೆ ಮಾಡಬಹುದು. ದೂರು ಕೊಡುವುದು ಜಗಳವಲ್ಲ. ಎಷ್ಟೋ ಕಡೆ ಆಡಳಿತದವರಿಗೆ ಈ ಕೊರತೆ ತಿಳಿದೇ ಇರುವುದಿಲ್ಲ. ಏಕೆಂದರೆ ಏರಲಾರದವರು ಹೇಳದೆ ಹಿಂದಿರುಗಿರುತ್ತಾರೆ.

ಮಠದ ಆವರಣಗಳಲ್ಲಿ, ಶಾಲೆಗಳಲ್ಲಿ ನಡೆಯುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಒಂದು ಸೋಜಿಗವನ್ನು ಕಾಣಬಹುದು. ಅಲ್ಲಿ ತಪಾಸಣಾ ಮಂಚವಿರುವುದಿಲ್ಲ. ಎರಡು ಬೆಂಚುಗಳನ್ನು ಜೋಡಿಸಿ, ಜಮಖಾನ ಹಾಸಿ ಮಲಗಿಸುತ್ತಾರೆ. ಆ ಬೆಂಚು ಸುಮಾರು ಒಂದೂವರೆ ಅಡಿ ಎತ್ತರದ್ದು. ಅಜ್ಜಿಯರು ಯಾರ ಸಹಾಯವೂ ಇಲ್ಲದೆ ಕುಳಿತು ಮಲಗುತ್ತಾರೆ. ವೈದ್ಯರು ಮಾತ್ರ ಸ್ಟೂಲಿನ ಮೇಲೆ ಕೂರಬೇಕಾಗುತ್ತದೆ. ಬೆಂಚುಗಳು ಅಲುಗದಂತೆ ಬಿಗಿದು ಕಟ್ಟಿದರೆ, ಸುತ್ತ ಗಾಲಿಕುರ್ಚಿ ತಿರುಗುವಷ್ಟು, ಎಂದರೆ ಐದಡಿ ಜಾಗ ಬಿಟ್ಟರೆ, ಒಂದು ಪರದೆ ಕಟ್ಟಿದರೆ ಅಷ್ಟರಮಟ್ಟಿಗೆ ಶಿಬಿರವು ಸುಗಮ. ಶಿಬಿರಗಳ ಜವಾಬ್ದಾರಿ ಹೊತ್ತ ಸದ್ಭಕ್ತರು ಇದನ್ನು ಗಮನಿಸಬೇಕೆಂದು ಕೋರಿಕೆ.

ತಂದೆತಾಯಿಯರ ಸ್ಮರಣಾರ್ಥವಾಗಿ ಆಸ್ಪತ್ರೆಗಳಿಗೆ ಮಂಚ, ಗಾಲಿಕುರ್ಚಿಗಳನ್ನು ಕೊಡುವ ಸಂಪ್ರದಾಯ ನಮ್ಮ ಭಕ್ತಕುಟುಂಬಗಳಲ್ಲಿ ಹಿಂದಿನಿಂದಲೂ ಇದೆ. ಹತ್ತು ಸಾಮಾನ್ಯ ಮಂಚಗಳಿಗಿಂತ ಏರಿಳಿಯುವ ಒಂದು ಮಂಚವನ್ನು ಕೊಡುವುದು ಮೇಲು ಎಂದು ಹೇಳಬಯಸುತ್ತೇನೆ. ಹಿಡಿಕೆ ತಿರುಗಿಸುವುದು, ಕಾಲಿನಿಂದ ಒತ್ತುವುದು, ವಿದ್ಯುತ್ತಿನಿಂದ ಚಲಿಸುವುದು ಎಂದು ಹಲವು ಬಗೆಗಳು ದೊರೆಯುತ್ತವೆ. ವಿದ್ಯುತ್ ಕೈಕೊಟ್ಟಾಗ ಇಳಿಸುವ ವ್ಯವಸ್ಥೆಯಿದೆಯೇ, ಎಷ್ಟು ಕಿಲೊ ಭಾರ ತಡೆಯುತ್ತದೆ, ಪಕ್ಕದ ಕಂಬಿಗಳು ಸರಿಯುವಾಗ ಅಡ್ಡಬಾರದಂತೆ ಮಡಿಸಿಕೊಳ್ಳುತ್ತವೆಯೇ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಿಯೇ ಕೊಳ್ಳಬೇಕು. ಕೆಳಗಿನ ಎತ್ತರ 17 ಅಂಗುಲವೆಂದು ಮಾರುವವರು ಹೇಳಿದರೆ, ಅದು ಹಾಸಿಗೆಯನ್ನು ಸೇರಿಸಿದ ಅಳತೆಯೋ ಬರಿಯ ಚೌಕಟ್ಟಿನದೋ ಎಂದು ನಿಮ್ಮದೇ ಟೇಪು ಹಿಡಿದು ನೋಡಿ. ನಾಲ್ಕು ಅಂಗುಲದ ಹಾಸಿಗೆ ಮೇಲೆ ಬಿದ್ದರೆ ಅದು 21 ಆಗುತ್ತದೆ.